ವಾರ್ಡ್ ಇನ್‌ಚಾರ್ಜ್ ಆದ ಮೇಲೆ ನರ್ಸಿಂಗ್ ಆಡಳಿತದಲ್ಲಿ ಸ್ನಾತಕೋತ್ತರ ಪದವಿ: ಏನು ಕಲಿಯಬೇಕು, ಕೋರ್ಸ್ ಹೇಗೆ ಆರಿಸಬೇಕು?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂಬತ್ತು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ನನ್ನನ್ನು 30 ಹಾಸಿಗೆಗಳ ವಾರ್ಡಿಗೆ ಇನ್‌ಚಾರ್ಜ್ ಮಾಡಿದ್ದಾರೆ. ರೋಗಿಗಳ ಆರೈಕೆ ಕಷ್ಟವಲ್ಲ. ರೋಸ್ಟರ್, ರಜೆಯ ಜಗಳ, ಮೇಲಿನವರಿಗೆ ಕೊಡಬೇಕಾದ ವರದಿ, ಹೆಚ್ಚು ಸಿಬ್ಬಂದಿ ಬೇಕೆಂದು ಕೇಳಿದರೆ ‘ಬಜೆಟ್ ಇಲ್ಲ’ ಎಂಬ ಉತ್ತರ, ಇವುಗಳ ಮುಂದೆ ಸೋಲುತ್ತಿದ್ದೇನೆ. ನರ್ಸಿಂಗ್ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೇನೆ. ಅಲ್ಲಿ ಕಲಿಸುವುದು ಕೆಲಸಕ್ಕೆ ಬರುತ್ತದೆಯೆ? ಅದರ ಬದಲು ಆಸ್ಪತ್ರೆ ಆಡಳಿತದ ಎಂಬಿಎ ಮೇಲೋ? ಕೋರ್ಸ್ ಆರಿಸುವಾಗ ಏನು ನೋಡಬೇಕು?

ಉತ್ತರ: ಮಾಡಿ. ಆದರೆ ಕೋರ್ಸಿನ ಹೆಸರು ನೋಡಿ ಸೇರಬೇಡಿ. ಸಿಬ್ಬಂದಿ ಲೆಕ್ಕ, ಬಜೆಟ್ ಓದುವ ವಿದ್ಯೆ, ಅಧಿಕಾರವಿರುವ ಒಬ್ಬ ಹಿರಿಯರ ಜೊತೆ ನಡೆಯುವ ಪ್ರಾಯೋಗಿಕ ತರಬೇತಿ, ಈ ಮೂರನ್ನು ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ ಎಂದು ವಿಚಾರಿಸಿ ಸೇರಿ. ನಾಯಕತ್ವದ ಸಿದ್ಧಾಂತಗಳನ್ನು ಎಲ್ಲ ಕಡೆಯೂ ಬೇಕಾದಷ್ಟು ಕಲಿಸುತ್ತಾರೆ. ಪರಿವರ್ತನಾತ್ಮಕ ನಾಯಕತ್ವ, ಸೇವಾ ನಾಯಕತ್ವ ಎಂಬ ವರ್ಗೀಕರಣಗಳನ್ನು ಮನೆಯಲ್ಲಿ ಕೂತು ಓದಿಕೊಳ್ಳಲೂ ಆಗುತ್ತದೆ. ನೀವು ಹೇಳಿಕೊಂಡ ಕಷ್ಟಗಳಲ್ಲಿ ಒಂದೂ ಸಿದ್ಧಾಂತ ಗೊತ್ತಿಲ್ಲದೆ ಹುಟ್ಟಿದ್ದಲ್ಲ. ವಾರ್ಡಿನಲ್ಲಿ ನಿಮ್ಮ ಕಣ್ಣಿಗೆ ಕಾಣುವುದನ್ನು ಹಣಕಾಸು ವಿಭಾಗ ಒಪ್ಪುವ ಅಂಕಿಗೆ ಇಳಿಸುವ ಅಭ್ಯಾಸ ಬಿಎಸ್ಸಿಯಲ್ಲಿ ಯಾರಿಗೂ ಸಿಗುವುದಿಲ್ಲ. ಸ್ನಾತಕೋತ್ತರ ಶಿಕ್ಷಣದ ಮುಖ್ಯ ಲಾಭ ಅದೇ.

ಈ ಶಿಕ್ಷಣ ಶುರುವಾದದ್ದೂ ಇಂಥದೇ ಅಗತ್ಯದಿಂದ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಆಸ್ಪತ್ರೆಯ ವಾರ್ಡುಗಳನ್ನೂ ನರ್ಸಿಂಗ್ ಶಾಲೆಗಳನ್ನೂ ನಡೆಸುವ ಹೊಣೆ ನರ್ಸ್‌ಗಳ ಹೆಗಲೇರಿತ್ತು, ಆದರೆ ಅದಕ್ಕೆ ಬೇಕಾದ ತರಬೇತಿ ಎಲ್ಲಿಯೂ ಇರಲಿಲ್ಲ. 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ಅನುಭವಿ ನರ್ಸ್‌ಗಳಿಗಾಗಿ ಒಂದು ಕೋರ್ಸ್ ತೆರೆದರು. ಅದಕ್ಕೆ ಇಟ್ಟ ಹೆಸರು ಆಸ್ಪತ್ರೆ ಅರ್ಥಶಾಸ್ತ್ರ. 1907ರಲ್ಲಿ ಮೇರಿ ಅಡಿಲೇಡ್ ನಟಿಂಗ್ ಅಲ್ಲಿಯೇ ಪ್ರಾಧ್ಯಾಪಕಿಯಾದರು. ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕ ಸ್ಥಾನಕ್ಕೇರಿದ ಮೊದಲ ನರ್ಸ್ ಅವರು.

ಸಿಬ್ಬಂದಿ ಲೆಕ್ಕ

‘ಜನ ಸಾಲುತ್ತಿಲ್ಲ’ ಎಂದು ಬರೆದುಕೊಟ್ಟರೆ ಮೇಲಿನವರು ಅದನ್ನು ದೂರು ಎಂದು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಎಷ್ಟು ಜನ, ಯಾವ ಪಾಳಿಗೆ, ಯಾವ ಲೆಕ್ಕದಿಂದ ಎಂದು ತೋರಿಸಿದರೆ ಉತ್ತರ ಕೊಡಬೇಕಾದ ಸ್ಥಿತಿ ಅವರಿಗೆ ಬರುತ್ತದೆ. ನಿಮ್ಮ ವಾರ್ಡಿನಂಥದನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ; ವಿಧಾನ ಎಲ್ಲ ಕಡೆಗೂ ಒಂದೇ.

30 ಹಾಸಿಗೆಗಳಲ್ಲಿ ಸರಾಸರಿ 24 ಭರ್ತಿ ಇರುತ್ತವೆ ಎನ್ನಿ. ಒಬ್ಬ ರೋಗಿಗೆ ದಿನಕ್ಕೆ ಬೇಕಾಗುವ ಶುಶ್ರೂಷೆ 6 ಗಂಟೆ. ಈ ಅಂಕಿಯನ್ನು ರೋಗಿ-ದಿನವೊಂದರ (ಒಬ್ಬ ರೋಗಿ ವಾರ್ಡಿನಲ್ಲಿ ಕಳೆದ ಒಂದು ದಿನದ) ಶುಶ್ರೂಷಾ ಗಂಟೆ ಎನ್ನುತ್ತಾರೆ. 24 ಗಂಟೆಯಲ್ಲಿ ಎಲ್ಲ ಪಾಳಿಯವರೂ ರೋಗಿಗಳ ನೇರ ಆರೈಕೆಯಲ್ಲಿ ದುಡಿದ ಗಂಟೆಗಳನ್ನು ಕೂಡಿ ರೋಗಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುತ್ತದೆ. 24ನ್ನು 6ರಿಂದ ಗುಣಿಸಿದರೆ ದಿನಕ್ಕೆ 144 ಗಂಟೆ. 8 ಗಂಟೆಯ ಪಾಳಿಯಾದರೆ ದಿನಕ್ಕೆ 18 ಪಾಳಿ, ಅಂದರೆ ಬೆಳಿಗ್ಗೆ 7, ಮಧ್ಯಾಹ್ನ 6, ರಾತ್ರಿ 5 ಜನ. ವರ್ಷದ 365 ದಿನಕ್ಕೆ 52,560 ಗಂಟೆ.

ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ ಒಬ್ಬರಿಗೆ ಸಂಬಳ ಸಲ್ಲುವ ಗಂಟೆ 2,080. 52,560ನ್ನು 2,080ರಿಂದ ಭಾಗಿಸಿದರೆ 25.3 ಹುದ್ದೆ ಬರುತ್ತದೆ. ಎಷ್ಟೋ ಆಸ್ಪತ್ರೆಗಳ ಮಂಜೂರಾತಿ ಪಟ್ಟಿ ಇಲ್ಲಿಗೇ ನಿಂತಿರುತ್ತದೆ, ಕೊರತೆ ಹುಟ್ಟುವುದೂ ಇಲ್ಲಿಯೇ. ಯಾಕೆಂದರೆ ಸಂಬಳ ಸಲ್ಲುವ ಗಂಟೆಯೆಲ್ಲ ವಾರ್ಡಿನಲ್ಲಿ ಕಳೆಯುವ ಗಂಟೆಯಲ್ಲ. ವರ್ಷಕ್ಕೆ 20 ದಿನ ಗಳಿಕೆ ರಜೆ, 10 ದಿನ ಹಬ್ಬದ ರಜೆ, 5 ದಿನ ಅನಾರೋಗ್ಯ, ಎರಡೂವರೆ ದಿನ ತರಬೇತಿ ಎಂದಿಟ್ಟುಕೊಂಡರೆ ಮೂವತ್ತೇಳೂವರೆ ದಿನ, 300 ಗಂಟೆ ಹೋಯಿತು. ಉಳಿದದ್ದು 1,780. ಅದರಿಂದ ಭಾಗಿಸಿದರೆ 29.5 ಹುದ್ದೆ. ಕಾಗದದ ಮೇಲೆ ಹುದ್ದೆಗಳು ಪೂರ್ತಿ ತುಂಬಿದ್ದರೂ ವಾರ್ಡಿನಲ್ಲಿ ನಾಲ್ಕಕ್ಕೂ ಹೆಚ್ಚು ಜನ ಕಡಿಮೆ.

ಆ ನಾಲ್ಕು ಜನರ ಕೆಲಸ ಮಾಯವಾಗುವುದಿಲ್ಲ. ಮೊದಲು ರಜೆ ನಿರಾಕರಣೆಯಾಗಿ ಬರುತ್ತದೆ, ಆಮೇಲೆ ಓವರ್‌ಟೈಮ್ ಆಗಿ, ಆಮೇಲೆ ದಿಢೀರ್ ಅನಾರೋಗ್ಯ ರಜೆಗಳಾಗಿ, ಕೊನೆಗೆ ರಾಜೀನಾಮೆಗಳಾಗಿ. ನಿಮ್ಮ ರಜೆಯ ಜಗಳದ ಮೂಲ ಸಿಬ್ಬಂದಿಯ ಸ್ವಭಾವದಲ್ಲಿರದೆ ಈ ಭಾಗಾಕಾರದಲ್ಲಿ ಇದ್ದೀತು. ಮೊದಲು ಇದನ್ನು ಪರೀಕ್ಷಿಸಿ.

ಎಡವಲು ಇನ್ನೂ ಕೆಲವು ಜಾಗಗಳಿವೆ. ನಿಮ್ಮನ್ನೇ ಆ 18 ಪಾಳಿಯೊಳಗೆ ಸೇರಿಸಿ ಎಣಿಸಿದ್ದರೆ, ನೀವು ಸಭೆಗೆ ಹೋದ ದಿನ ವಾರ್ಡಿನಲ್ಲಿ ಒಬ್ಬರು ಕಡಿಮೆ. ನೀವು ರೋಗಿಗಳನ್ನು ನೋಡಿಕೊಂಡ ದಿನ ಇನ್‌ಚಾರ್ಜ್ ಕೆಲಸ ರಾತ್ರಿ ಮನೆಗೆ ಬರುತ್ತದೆ. ಹೊಸದಾಗಿ ಸೇರಿದವರು ಕಲಿಯುವ ಅವಧಿಯಲ್ಲಿ ಪೂರ್ಣ ಹೊರೆ ಹೊರಲಾರರು, ಆದರೂ ರೋಸ್ಟರಿನಲ್ಲಿ ಮೊದಲ ದಿನದಿಂದಲೇ ಒಬ್ಬರೆಂದು ಎಣಿಕೆಯಾಗುತ್ತಾರೆ. ಸರಾಸರಿಯೂ ಮೋಸ ಮಾಡುತ್ತದೆ: 24 ಎಂಬ ಸರಾಸರಿಯ ಹಿಂದೆ ಸೋಮವಾರದ 29, ಭಾನುವಾರದ 19 ಅಡಗಿರುತ್ತವೆ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಮಧ್ಯರಾತ್ರಿಯ ಎಣಿಕೆಯದು. ಬಹಳಷ್ಟು ಕಡೆ ರಾತ್ರಿ 12 ಗಂಟೆಗೆ ಹಾಸಿಗೆಯಲ್ಲಿರುವವರನ್ನು ಮಾತ್ರ ಎಣಿಸುತ್ತಾರೆ. ಒಂದೇ ದಿನ 8 ಜನ ಬಿಡುಗಡೆಯಾಗಿ 8 ಜನ ದಾಖಲಾದರೂ ಎಣಿಕೆ 24ರಲ್ಲೇ ನಿಲ್ಲುತ್ತದೆ. ವಾರ್ಡು ನೋಡಿಕೊಂಡದ್ದು ಮಾತ್ರ 32 ಜನರನ್ನು. ಅದರಲ್ಲೂ ದಾಖಲಾತಿ, ಬಿಡುಗಡೆ ಎರಡೂ ದಿನದ ಅತಿ ಹೆಚ್ಚು ಸಮಯ ತಿನ್ನುವ ಕೆಲಸಗಳು. ಗಂಟೆಗಂಟೆಯ ಎಣಿಕೆಯನ್ನೋ ದಾಖಲಾತಿ-ಬಿಡುಗಡೆಗಳ ಸಂಖ್ಯೆಯನ್ನೋ ಜೊತೆಗಿಡದ ಬೇಡಿಕೆ ಪತ್ರ ನಿಮ್ಮ ಕೆಲಸದ ದೊಡ್ಡ ಪಾಲನ್ನು ನೀವೇ ಮುಚ್ಚಿಟ್ಟಂತೆ.

ರೋಗಿಗಳ ಕಾಯಿಲೆಯ ತೀವ್ರತೆಯನ್ನು ಅಂಕ ಕೊಟ್ಟು ಅಳೆದು ಸಿಬ್ಬಂದಿ ಹಂಚುವ ಪದ್ಧತಿ ಇದಕ್ಕಿಂತ ಸೂಕ್ಷ್ಮವಾದದ್ದು. ಅದರ ರೋಗ ಬೇರೆ. ಅಂಕ ಹೆಚ್ಚಾದರೆ ಜನ ಸಿಗುತ್ತಾರೆ ಎಂದು ಗೊತ್ತಾದ ಮೇಲೆ ಅಂಕಗಳು ನಿಧಾನವಾಗಿ ಮೇಲೇರುತ್ತವೆ. ಒಂದು ವರ್ಷದೊಳಗೆ ಹಣಕಾಸು ವಿಭಾಗ ಆ ಪಟ್ಟಿಯನ್ನೇ ನಂಬುವುದನ್ನು ಬಿಡುತ್ತದೆ. ಆಗಾಗ ಒಬ್ಬನೇ ರೋಗಿಗೆ ಇಬ್ಬರು ಪ್ರತ್ಯೇಕವಾಗಿ ಅಂಕ ಕೊಟ್ಟು ತಾಳೆ ನೋಡುವುದು ಅದಕ್ಕಿರುವ ಮದ್ದು. ಒಳ್ಳೆಯ ಕೋರ್ಸಿನಲ್ಲಿ ಇದನ್ನು ನಿಮ್ಮ ಕೈಯಿಂದಲೇ ಮಾಡಿಸುತ್ತಾರೆ.

ಸಿಬ್ಬಂದಿ ಸಂಖ್ಯೆಯ ಪರವಾಗಿ ಎಲ್ಲರೂ ಉದ್ಧರಿಸುವ ಅಧ್ಯಯನ ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಹೋದ್ಯೋಗಿಗಳದು. 2002ರಲ್ಲಿ ಪ್ರಕಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ರೋಗಿಗಳಲ್ಲಿ, ಪ್ರತಿ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ ದಾಖಲಾದ 30 ದಿನದೊಳಗಿನ ಸಾವಿನ ಸಂಭಾವ್ಯತೆಯ ಅನುಪಾತ (ಸತ್ತವರಿಗೂ ಬದುಕುಳಿದವರಿಗೂ ಇರುವ ಅನುಪಾತ) 7 ಶೇಕಡಾ ಏರಿದ್ದು ಕಂಡುಬಂತು. 2014ರಲ್ಲಿ ಯುರೋಪಿನ 9 ದೇಶಗಳ ದತ್ತಾಂಶದಲ್ಲೂ ಹತ್ತಿರಹತ್ತಿರ ಅದೇ ಅಂಕಿ ಬಂತು. ಪದವಿ ಪಡೆದ ನರ್ಸ್‌ಗಳ ಪ್ರಮಾಣ ಶೇಕಡಾ 10ರಷ್ಟು ಹೆಚ್ಚಿರುವಲ್ಲಿ ಆ ಸಂಭಾವ್ಯತೆ ಶೇಕಡಾ 7ರಷ್ಟು ಕಡಿಮೆ ಇತ್ತು. ಇದನ್ನು ಸಭೆಯಲ್ಲಿ ‘ಒಬ್ಬ ರೋಗಿ ಹೆಚ್ಚಾದರೆ ನೂರಕ್ಕೆ ಏಳು ಜನ ಸಾಯುತ್ತಾರೆ’ ಎಂದು ಹೇಳಿಬಿಡುವವರಿದ್ದಾರೆ. ಅಂಕಿಅಂಶ ಬಲ್ಲ ಒಬ್ಬ ಎದುರಿಗಿದ್ದರೆ ನಿಮ್ಮ ಪ್ರಸ್ತಾಪ ಅಲ್ಲಿಗೇ ಮುಗಿಯಿತು. 7 ಶೇಕಡಾ ಏರಿದ್ದು ಅನುಪಾತ. ಮೂಲದಲ್ಲಿ ಸಾವಿನ ಪ್ರಮಾಣವೇ ಕಡಿಮೆಯಿದ್ದರೆ ಹೆಚ್ಚುವರಿ ಸಾವುಗಳೂ ಕಡಿಮೆಯೇ. ಮೇಲಾಗಿ ಇವು ವೀಕ್ಷಣಾ ಅಧ್ಯಯನಗಳು, ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಿದ್ಧಮಾಡುವುದಿಲ್ಲ. ಸಂಶೋಧನಾ ವಿಧಾನದ ಪತ್ರಿಕೆಯನ್ನು ಬೇಸರದಿಂದ ಓದುವ ವಿದ್ಯಾರ್ಥಿಗಳೇ ಹೆಚ್ಚು. ಆಡಳಿತಕ್ಕೆ ಹೋಗುವವರಿಗೆ ಮಾತ್ರ ಆ ಪತ್ರಿಕೆ ದಿನನಿತ್ಯದ ಕೆಲಸಕ್ಕೆ ಬರುತ್ತದೆ.

‘ಬಜೆಟ್ ಇಲ್ಲ’ ಎಂಬ ಮಾತಿನೊಳಗೆ

ತಿಂಗಳ ಕೊನೆಗೆ ನಿಮಗೆ ಒಂದು ಹಾಳೆ ಬರುತ್ತದೆ: ನಿಗದಿಯಾದದ್ದು ಇಷ್ಟು, ಖರ್ಚಾದದ್ದು ಇಷ್ಟು, ಹೆಚ್ಚುವರಿ ಇಷ್ಟು, ವಿವರಣೆ ಕೊಡಿ. ಹೆಚ್ಚಿನವರು ‘ರೋಗಿಗಳು ಜಾಸ್ತಿ ಇದ್ದರು’ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ. ಹಣಕಾಸು ಕಲಿತವರು ಆ ಹೆಚ್ಚುವರಿಯನ್ನು ಮೂರಾಗಿ ಬಿಡಿಸುತ್ತಾರೆ.

ನಿಗದಿ ಹೀಗಿತ್ತೆನ್ನಿ: 720 ರೋಗಿ-ದಿನ, ತಲಾ 6 ಗಂಟೆ, ಗಂಟೆಗೆ 10 ನಾಣ್ಯ (ಲೆಕ್ಕಕ್ಕಾಗಿ ಇಟ್ಟುಕೊಂಡ ಹಣದ ಮಾನ). ಒಟ್ಟು 43,200. ನಡೆದದ್ದು: 780 ರೋಗಿ-ದಿನ, ತಲಾ 6.3 ಗಂಟೆ, ಗಂಟೆಗೆ 10.5 ನಾಣ್ಯ. ಒಟ್ಟು 51,597. ಹೆಚ್ಚುವರಿ 8,397. ಮೊದಲು ರೋಗಿಗಳು ಹೆಚ್ಚಾದ್ದರಿಂದ ಬಂದ ಭಾಗ: 60 ರೋಗಿ-ದಿನ, 6 ಗಂಟೆ, 10 ನಾಣ್ಯ, ಅಂದರೆ 3,600. ಎರಡನೆಯದು ಪ್ರತಿ ರೋಗಿಗೆ ಹೆಚ್ಚು ಗಂಟೆ ಹಿಡಿದದ್ದು: 780 ರೋಗಿ-ದಿನಕ್ಕೆ 0.3 ಗಂಟೆಯಂತೆ 234 ಗಂಟೆ, 10 ನಾಣ್ಯದಂತೆ 2,340. ಮೂರನೆಯದು ಗಂಟೆಯ ದರ ಏರಿದ್ದು: ನಡೆದ ಒಟ್ಟು 4,914 ಗಂಟೆಗೆ ಅರ್ಧ ನಾಣ್ಯದಂತೆ 2,457. ಮೂರನ್ನೂ ಕೂಡಿದರೆ 8,397 ಸರಿಯಾಗಿ ಬರುತ್ತದೆ.

ಹೀಗೆ ಬಿಡಿಸಿದ ಮೇಲೆ ಮಾತಿನ ದಾರಿಯೇ ಬದಲಾಗುತ್ತದೆ. 3,600 ನಿಮ್ಮ ಕೈಯಲ್ಲಿಲ್ಲ, ಆಸ್ಪತ್ರೆಯೇ ರೋಗಿಗಳನ್ನು ಸೇರಿಸಿಕೊಂಡಿದೆ, ಅದರಿಂದ ಆದಾಯವೂ ಬಂದಿರಬಹುದು. 2,340ಕ್ಕೆ ನೀವು ಉತ್ತರ ಕೊಡಬೇಕು: ತೀವ್ರ ರೋಗಿಗಳು ಹೆಚ್ಚಿದ್ದರೇ, ಹೊಸಬರ ತರಬೇತಿ ಗಂಟೆಗಳು ಸೇರಿವೆಯೇ, ಹಾಸಿಗೆ ಖಾಲಿಯಿದ್ದ ದಿನವೂ ಪೂರ್ತಿ ಜನರನ್ನು ಹಾಕಿದ್ದೀರಾ. 2,457ರ ಹಿಂದೆ ಓವರ್‌ಟೈಮ್ ದರ ಇರುವ ಸಾಧ್ಯತೆ ಹೆಚ್ಚು. ಆಗ ಮೇಲಿನ ಸಿಬ್ಬಂದಿ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು, ಓವರ್‌ಟೈಮಿಗೆ ವರ್ಷಕ್ಕೆ ಹೋಗುವ ಹಣದಲ್ಲಿ ಎಷ್ಟು ಖಾಯಂ ಹುದ್ದೆ ತುಂಬಬಹುದು ಎಂದು ತೋರಿಸಿ. ‘ಬಜೆಟ್ ಇಲ್ಲ’ ಎಂದವರಿಗೆ ಹಣ ಈಗಾಗಲೇ ಖರ್ಚಾಗುತ್ತಿದೆ, ತಪ್ಪು ಶೀರ್ಷಿಕೆಯಲ್ಲಿ ಆಗುತ್ತಿದೆ ಎಂದು ಕಾಣಿಸಬೇಕು.

ಕೋರ್ಸಿನಲ್ಲಿ ಹಣಕಾಸು ಪತ್ರಿಕೆ ಯಾರು ಕಲಿಸುತ್ತಾರೆ ಎಂದು ಮುಂದೆ ನಾನು ಕೇಳಿಸುವುದು ಇದಕ್ಕೇ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವ ಹಣಕಾಸು ತರಗತಿಯಿಂದ ಇಂಥದೊಂದು ಹಾಳೆ ಬಿಡಿಸಲು ಬರುವುದಿಲ್ಲ.

ಗುಣಮಟ್ಟ, ಸುರಕ್ಷತೆ, ಜನ

ರಚನೆ (ಇರುವ ಜನ, ಸಲಕರಣೆ), ಪ್ರಕ್ರಿಯೆ (ಮಾಡುವ ಕೆಲಸ), ಫಲಿತಾಂಶ (ರೋಗಿಗೆ ಆದದ್ದು) ಎಂಬ ಮೂರು ಭಾಗಗಳಲ್ಲಿ ಆರೈಕೆಯ ಗುಣಮಟ್ಟ ನೋಡುವ ಕ್ರಮವನ್ನು ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಮುಂದಿಟ್ಟರು, ಇವತ್ತಿಗೂ ಪಠ್ಯ ಅಲ್ಲಿಂದಲೇ ಶುರುವಾಗುತ್ತದೆ. ಇನ್‌ಚಾರ್ಜ್ ಆದವರಿಗೆ ಮೊದಲು ಬೇಕಾಗುವುದು ಅದಕ್ಕಿಂತ ಸರಳವಾದ ಒಂದು ಅಭ್ಯಾಸ: ಬರೀ ಸಂಖ್ಯೆಯನ್ನು ಹೋಲಿಸದಿರುವುದು. ನಿಮ್ಮ ವಾರ್ಡಿನಲ್ಲಿ ತಿಂಗಳಿಗೆ 4 ರೋಗಿಗಳು ಬಿದ್ದರು, ಪಕ್ಕದ ವಾರ್ಡಿನಲ್ಲಿ 5. ನಿಮ್ಮದು ಮೇಲು ಅನ್ನಿಸುತ್ತದೆ. ನಿಮ್ಮಲ್ಲಿ 720 ರೋಗಿ-ದಿನ, ಅಲ್ಲಿ 1,100 ಇದ್ದರೆ, ಸಾವಿರ ರೋಗಿ-ದಿನಕ್ಕೆ ನಿಮ್ಮದು 5.6, ಅವರದು 4.5.

ಎರಡನೆಯ ಅಭ್ಯಾಸ, ಎರಡು ತಿಂಗಳ ಅಂಕಿಯಿಟ್ಟು ತೀರ್ಮಾನಕ್ಕೆ ಬರದಿರುವುದು. ಕಳೆದ ತಿಂಗಳು 3, ಈ ತಿಂಗಳು 5 ಎಂದು ಸಿಬ್ಬಂದಿಯನ್ನು ಗದರಿಸಿದರೆ ಮುಂದಿನ ತಿಂಗಳು ಅದು ತಾನಾಗಿ 3ಕ್ಕೆ ಇಳಿದೀತು, ಗದರಿದ್ದಕ್ಕೇ ಇಳಿಯಿತು ಎಂದು ನೀವು ನಂಬಿಬಿಡುತ್ತೀರಿ. ಅಂಕಿಗಳನ್ನು ಕಾಲಕ್ರಮದಲ್ಲಿ ಚುಕ್ಕಿಯಿಟ್ಟು ಮಧ್ಯಾಂಕದ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿಯ) ಗೆರೆ ಎಳೆಯಿರಿ. ಸತತ 6 ಅಥವಾ ಹೆಚ್ಚು ಚುಕ್ಕಿ ಗೆರೆಯ ಒಂದೇ ಬದಿಗೆ ಬಿದ್ದರೆ, ಅಥವಾ 5 ಅಥವಾ ಹೆಚ್ಚು ಚುಕ್ಕಿ ಒಂದೇ ಸಮನೆ ಏರಿದರೆ ಇಲ್ಲವೇ ಇಳಿದರೆ, ನಿಜಕ್ಕೂ ಏನೋ ಬದಲಾಗಿದೆ ಎಂದು ಹುಡುಕಬೇಕು. ಗೆರೆಯ ಮೇಲೆಯೇ ಕೂತ ಚುಕ್ಕಿಯನ್ನು ಬದಿಯ ಎಣಿಕೆಯಲ್ಲಿ ಬಿಟ್ಟುಬಿಡಬೇಕು. ಬೀಳುವಿಕೆ ದಿಢೀರ್ ಹೆಚ್ಚಾದಾಗ ವರದಿ ಮಾಡುವ ಧೈರ್ಯ ಹೆಚ್ಚಾಗಿದೆಯೋ ಎಂದೂ ನೋಡಿ. ಹಾಗಾಗಿದ್ದರೆ ಅದು ಒಳ್ಳೆಯ ಸುದ್ದಿ.

ವರದಿ ಮಾಡುವ ಧೈರ್ಯ ನೀವು ತಪ್ಪುಗಳಿಗೆ ಹೇಗೆ ಸ್ಪಂದಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ನ್ಯಾಯಯುತ ಸಂಸ್ಕೃತಿ ಎಂದು ಕಲಿಸುವ ಚೌಕಟ್ಟಿನಲ್ಲಿ ಮೂರು ಬಗೆಯ ನಡವಳಿಕೆಗಳಿವೆ. ಹೆಸರು ಒಂದೇ ಥರ ಕಾಣುವ ಎರಡು ಔಷಧಿಗಳಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಂದದ್ದು ಸಹಜ ತಪ್ಪು; ಸಮಾಧಾನ ಹೇಳಿ ಕಪಾಟಿನ ಜೋಡಣೆ ಬದಲಿಸಬೇಕು. ರೋಗಿಯ ಹೆಸರಿರುವ ಕೈಪಟ್ಟಿ ನೋಡದೆ ಮುಖದ ಗುರುತಿನ ಮೇಲೆ ಔಷಧಿ ಕೊಡುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದ್ದರೆ ಅದು ಅಪಾಯವನ್ನು ಮರೆತ ಅಡ್ಡದಾರಿ. ಯಾಕೆ ಆ ದಾರಿ ಹಿಡಿದರು ಎಂದು ಕೇಳಿ ತಿದ್ದಬೇಕು. ಅಪಾಯ ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದಕ್ಕೆ ಮಾತ್ರ ಶಿಸ್ತುಕ್ರಮ. ಎಡವುವುದು ಎಲ್ಲೆಂದರೆ, ರೋಗಿಗೆ ಆದ ಹಾನಿಯ ಗಾತ್ರ ನೋಡಿ ಶಿಕ್ಷೆ ನಿರ್ಧರಿಸುವಲ್ಲಿ. ಅದೇ ಅಡ್ಡದಾರಿ ನೂರು ಸಲ ಏನೂ ಆಗದೆ ಕಳೆದಾಗ ಸುಮ್ಮನಿದ್ದು, ನೂರಾ ಒಂದನೇ ಸಲ ಹಾನಿಯಾದಾಗ ಒಬ್ಬರನ್ನು ಅಮಾನತು ಮಾಡಿದರೆ ಉಳಿದವರು ಕಲಿಯುವ ಪಾಠ ಬಚ್ಚಿಡುವುದೊಂದೇ.

ಸಂಘರ್ಷ ನಿರ್ವಹಣೆ, ಸಂದರ್ಶನ, ಕಾರ್ಮಿಕ ಕಾನೂನು, ಆರೋಗ್ಯ ನೀತಿ, ಮಾಹಿತಿ ವ್ಯವಸ್ಥೆ, ನೀತಿಶಾಸ್ತ್ರ ಇವೂ ಪಠ್ಯದಲ್ಲಿರುತ್ತವೆ. ಇವುಗಳಲ್ಲಿ ನಿಮ್ಮ ದೇಶದ ಕಾನೂನನ್ನು ಮಾತ್ರ ತರಗತಿಯಲ್ಲೇ ಗಟ್ಟಿಮಾಡಿಕೊಳ್ಳಿ. ಮಿಕ್ಕವನ್ನು ಕೆಲಸ ಕಲಿಸುತ್ತದೆ.

ಪ್ರಾಯೋಗಿಕ ತರಬೇತಿ

ಕೋರ್ಸಿನ ಗುಣ ತಿಳಿಯುವುದು ಇಲ್ಲಿ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 2021ರಲ್ಲಿ ಹೊರತಂದ ಮಾನದಂಡದಲ್ಲಿ ಉನ್ನತ ಹಂತದ ವಿದ್ಯಾರ್ಥಿಗಳಿಗೆ ಕನಿಷ್ಠ 500 ಗಂಟೆ ಪ್ರಾಯೋಗಿಕ ತರಬೇತಿ ಇರಬೇಕೆಂದಿದೆ. ಬೇರೆ ಕಡೆ ಸಂಖ್ಯೆ ಬೇರೆ ಇರಬಹುದು. ಗಂಟೆಗಿಂತ ಮುಖ್ಯ, ಆ ಗಂಟೆಗಳು ಯಾರ ಪಕ್ಕದಲ್ಲಿ ಕಳೆಯುತ್ತವೆ ಎಂಬುದು. ನಿಮ್ಮ ಮಾರ್ಗದರ್ಶಕರು ಸಿಬ್ಬಂದಿ ನೇಮಿಸುವ, ಹಣ ಮಂಜೂರು ಮಾಡುವ ಅಧಿಕಾರವಿರುವವರಾಗಿರಬೇಕು. ಬಜೆಟ್ ಸಭೆ, ದೂರು ವಿಚಾರಣೆ, ಅವಘಡದ ಮೂಲಕಾರಣ ವಿಶ್ಲೇಷಣೆ ನಡೆಯುವಾಗ ನೀವು ಕೋಣೆಯೊಳಗೆ ಇರಬೇಕು.

ಕೆಡುವ ರೀತಿಗಳು ಎಲ್ಲ ಕಡೆಯೂ ಒಂದೇ. ತರಬೇತಿಗೆ ಬಂದವರನ್ನು ಖಾಲಿ ಪಾಳಿ ತುಂಬಲು ಬಳಸಿಕೊಳ್ಳುತ್ತಾರೆ. ಅನುಕೂಲವೆಂದು ಸ್ವಂತ ವಾರ್ಡಿನಲ್ಲೇ ಮಾಡಿದರೆ ಕರೆಗಂಟೆ ಬಾರಿಸಿದಾಗಲೆಲ್ಲ ವಿದ್ಯಾರ್ಥಿನಿ ಮತ್ತೆ ಇನ್‌ಚಾರ್ಜ್ ಆಗಬೇಕಾಗುತ್ತದೆ. ಅದೇ ಆಸ್ಪತ್ರೆಯಾದರೂ ಸರಿ, ಬೇರೆ ವಿಭಾಗ, ಒಂದು ಹಂತ ಮೇಲಿನ ಅಧಿಕಾರಿ ಎಂದು ಮೊದಲೇ ಬರೆಸಿಕೊಳ್ಳಿ. ಮಾರ್ಗದರ್ಶಕರನ್ನು ಹುಡುಕುವ ಹೊಣೆ ವಿದ್ಯಾರ್ಥಿಯದೇ ಎನ್ನುವ ಕೋರ್ಸುಗಳೂ ಇವೆ, ಮುಖ್ಯವಾಗಿ ದೂರಶಿಕ್ಷಣದಲ್ಲಿ. ಸಿಗದಿದ್ದರೆ ಒಂದು ಅವಧಿಯೇ ತಪ್ಪುತ್ತದೆ.

ಯೋಜನೆಯ ವಿಷಯ ಆರಿಸುವಾಗ ಮೂಗಿಗಿಂತ ಮೂಗುತಿ ಭಾರವಾಗದಂತೆ ನೋಡಿಕೊಳ್ಳಿ. ‘ಆಸ್ಪತ್ರೆಯಲ್ಲಿ ನರ್ಸ್‌ಗಳ ತೃಪ್ತಿ ಹೆಚ್ಚಿಸುವುದು’ ಎಂಬುದು ನಾಲ್ಕು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ, ಅಳೆಯಲೂ ಬರುವುದಿಲ್ಲ. ‘ಒಂದು ವಾರ್ಡಿನಲ್ಲಿ ಬಿಡುಗಡೆಯ ಆದೇಶದಿಂದ ಹಾಸಿಗೆ ಖಾಲಿಯಾಗುವವರೆಗಿನ ಸಮಯ ಇಳಿಸುವುದು’ ಎಂದರೆ ಆರಂಭ, ಅಂತ್ಯ, ಗಡಿಯಾರ ಮೂರೂ ಇವೆ. ಬದಲಾವಣೆಗೆ ಮುನ್ನಿನ ಅಂಕಿಗಳನ್ನು ಮೊದಲು ಕೂಡಿಹಾಕಿ, ಇದನ್ನು ಬಿಟ್ಟವರು ಕೊನೆಯಲ್ಲಿ ಏನು ಸುಧಾರಿಸಿತೆಂದು ಹೇಳಲಾರದೆ ಕೂರುತ್ತಾರೆ. ಆಮೇಲೆ ಒಬ್ಬ ನರ್ಸ್, ಒಂದು ಪಾಳಿ, ಒಂದೆರಡು ರೋಗಿಗಳ ಮೇಲೆ ಪ್ರಯೋಗ, ಫಲ ನೋಡಿ ತಿದ್ದುಪಡಿ, ಆಮೇಲೆ ವಿಸ್ತರಣೆ. ಯೋಜಿಸು, ಮಾಡು, ಅಧ್ಯಯನಮಾಡು, ಕ್ರಮಕೈಗೊಳ್ಳು ಎಂಬ ಚಕ್ರದ ಅರ್ಥ ಇಷ್ಟೇ. ಫಲಿತಾಂಶ, ಪ್ರಕ್ರಿಯೆ ಎರಡರ ಅಳತೆಯ ಜೊತೆ ಸಮತೋಲನದ ಅಳತೆಯೊಂದನ್ನೂ ಇಡಿ: ಬಿಡುಗಡೆ ಬೇಗ ಆಯಿತು, ಆದರೆ 30 ದಿನದೊಳಗೆ ವಾಪಸ್ ಬಂದವರು ಹೆಚ್ಚಾದರೇ?

ಎಂಬಿಎ ಮೇಲೋ?

ಮುಂದೆ ಎಲ್ಲಿಗೆ ಹೋಗಬೇಕೆಂದಿದ್ದೀರಿ ಎಂಬುದರ ಮೇಲೆ ಉತ್ತರ. ನರ್ಸಿಂಗ್ ಸೂಪರಿಂಟೆಂಡೆಂಟ್, ನರ್ಸಿಂಗ್ ನಿರ್ದೇಶಕಿ, ಮುಖ್ಯ ನರ್ಸಿಂಗ್ ಅಧಿಕಾರಿ ಈ ದಾರಿಯಾದರೆ ನರ್ಸಿಂಗ್ ಪದವಿಯೇ ಸರಿ. ಬಹಳಷ್ಟು ಕಡೆ ಆ ಹುದ್ದೆಗಳ ನೇಮಕಾತಿ ನಿಯಮದಲ್ಲೇ ನರ್ಸಿಂಗ್ ಸ್ನಾತಕೋತ್ತರ ಎಂದಿರುತ್ತದೆ, ಎಂಬಿಎಯನ್ನು ಅದಕ್ಕೆ ಸಮಾನವೆಂದು ಒಪ್ಪುವುದಿಲ್ಲ. ಕಲಿಸುವ ಕೆಲಸದ ಬಾಗಿಲೂ ಎಂಬಿಎಯಿಂದ ತೆರೆಯುವುದು ಕಷ್ಟ. ಆಸ್ಪತ್ರೆಯ ಕಾರ್ಯಾಚರಣೆ, ಖರೀದಿ, ವಿಮೆ, ಸಲಹಾ ಸಂಸ್ಥೆಗಳ ಕಡೆಗೆ ಮನಸ್ಸಿದ್ದರೆ ಎಂಬಿಎ ಅಥವಾ ಆರೋಗ್ಯ ಆಡಳಿತದ ಪದವಿ. ಎಂಬಿಎಯಲ್ಲಿ ಹಣಕಾಸು ಗಟ್ಟಿ, ಆದರೆ ಮೇಲೆ ಹೇಳಿದ ಸಿಬ್ಬಂದಿ ಲೆಕ್ಕ, ತೀವ್ರತೆಯ ಅಳತೆ, ಶುಶ್ರೂಷೆಗೆ ಸಂಬಂಧಿಸಿದ ಸೂಚಕಗಳು ಅಲ್ಲಿ ಸಿಗುವುದು ಅಪರೂಪ. ಮೊದಲು ನರ್ಸಿಂಗ್ ಆಡಳಿತ ಮುಗಿಸಿ, ಹಣಕಾಸಿನಲ್ಲಿ ಪ್ರತ್ಯೇಕವಾಗಿ ಒಂದು ಕಿರುಕೋರ್ಸ್ ಮಾಡಿಕೊಳ್ಳುವುದು ನಿಮ್ಮ ಸ್ಥಿತಿಗೆ ಹೊಂದುವ ದಾರಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ದೇಶದಲ್ಲಿ ನರ್ಸಿಂಗ್ ಆಡಳಿತ ಪ್ರತ್ಯೇಕ ವಿಭಾಗವಾಗಿ ಇಲ್ಲದೆ ಬೇರೆ ವಿಶೇಷ ವಿಭಾಗದೊಳಗೆ ಒಂದು ಪತ್ರಿಕೆಯಾಗಿ ಮಾತ್ರ ಇದ್ದರೆ, ಪ್ರಬಂಧದ ವಿಷಯವನ್ನಾದರೂ ಸಿಬ್ಬಂದಿ ಅಥವಾ ಗುಣಮಟ್ಟದ ಮೇಲೆ ಇಟ್ಟುಕೊಳ್ಳಿ.

ಸೇರುವ ಮೊದಲು ಕಾಲೇಜಿಗೆ ಇಷ್ಟು ಕೇಳಿ. ನಿಮ್ಮ ಪರವಾನಗಿ ಮಂಡಳಿ ಈ ಪದವಿಯನ್ನು ಮಾನ್ಯ ಮಾಡುತ್ತದೆಯೆ. ಬಾಯಿಮಾತು ಬೇಡ, ಮಂಡಳಿಯ ಪಟ್ಟಿಯಲ್ಲೇ ನೋಡಿ. ಹಣಕಾಸು ಪತ್ರಿಕೆಯನ್ನು ಆಸ್ಪತ್ರೆಯ ಬಜೆಟ್ ನಡೆಸಿದವರು ಕಲಿಸುತ್ತಾರೆಯೇ, ಕಳೆದ ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕ ಇತ್ತೇ? ಪ್ರಾಯೋಗಿಕ ಸ್ಥಳವನ್ನು ಯಾರು ಒದಗಿಸುತ್ತಾರೆ? ಕಳೆದ ಎರಡು ತಂಡಗಳ ವಿದ್ಯಾರ್ಥಿಗಳು ಈಗ ಯಾವ ಹುದ್ದೆಯಲ್ಲಿದ್ದಾರೆ? ಎಲ್ಲರೂ ಕಾಲೇಜುಗಳಲ್ಲಿ ಬೋಧಕರಾಗಿದ್ದರೆ ಅದು ಹೆಸರಿಗೆ ಮಾತ್ರ ಆಡಳಿತದ ಕೋರ್ಸ್.

ಪೂರ್ಣಕಾಲಿಕವಾದರೆ ಸಾಮಾನ್ಯವಾಗಿ ಎರಡು ವರ್ಷ. ಕೆಲಸದ ಜೊತೆ ಮಾಡುವುದಾದರೆ ಮೂರು, ಕೆಲವೊಮ್ಮೆ ನಾಲ್ಕು. ಇನ್‌ಚಾರ್ಜ್ ಕೆಲಸವನ್ನೂ ಬಿಡದೆ ಎರಡೇ ವರ್ಷದಲ್ಲಿ ಮುಗಿಸುತ್ತೇನೆಂದು ಹೊರಟವರು ತರಗತಿ ದಾಟುತ್ತಾರೆ, ಪ್ರಬಂಧದಲ್ಲಿ ನಿಲ್ಲುತ್ತಾರೆ. ಪ್ರಬಂಧಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬರುವವರೆಗೆ ಒಂದು ಅಂಕಿಯನ್ನೂ ಸಂಗ್ರಹಿಸುವಂತಿಲ್ಲ, ಆ ಒಪ್ಪಿಗೆಗೆ ತಿಂಗಳುಗಳೇ ಹಿಡಿಯಬಹುದು. ಮೊದಲ ವರ್ಷ ಮುಗಿಯುವ ಮುನ್ನವೇ ಅರ್ಜಿ ಸಿದ್ಧವಿರಲಿ. ನಿಮ್ಮ ಕೈಕೆಳಗಿನ ಸಿಬ್ಬಂದಿಯ ಮೇಲೆಯೇ ಪ್ರಶ್ನಾವಳಿ ನಡೆಸುವ ವಿಷಯ ಆರಿಸಬೇಡಿ. ಅವರು ಇಲ್ಲವೆನ್ನಲಾರರು, ಸಮಿತಿಯೂ ಅದನ್ನು ಹಿಂದಕ್ಕೆ ಕಳಿಸುತ್ತದೆ.

ಅರ್ಜಿ ಹಾಕಲು ಇನ್ನೂ ಸಮಯವಿದ್ದರೆ ಈ ತಿಂಗಳಿಂದಲೇ ಒಂದು ಪುಸ್ತಕ ಇಡಿ. ದಿನದ ದಾಖಲಾತಿ, ಬಿಡುಗಡೆ, ಮಧ್ಯರಾತ್ರಿಯ ಎಣಿಕೆ, ಪಾಳಿವಾರು ಹಾಜರಿದ್ದವರು, ಓವರ್‌ಟೈಮ್ ಗಂಟೆ, ನಿರಾಕರಿಸಿದ ರಜೆ. ರೋಗಿಗಳ ಹೆಸರು ಬೇಡ. ಆರು ತಿಂಗಳಾದ ಮೇಲೆ ಮೇಲಿನ 1,780ರ ಲೆಕ್ಕವನ್ನು ನಿಮ್ಮ ವಾರ್ಡಿನ ನಿಜವಾದ ಅಂಕಿಗಳಿಂದ ಹಾಕಿ ನೋಡಿ. ಕೋರ್ಸಿನ ಸಂದರ್ಶನದಲ್ಲಿ ‘ಯಾಕೆ ಆಡಳಿತ?’ ಎಂದು ಕೇಳಿದರೆ ಆ ಹಾಳೆಯನ್ನು ಮುಂದಿಡಬಹುದು. ಸೇರುವ ಮೊದಲೇ ಅದನ್ನು ನಿಮ್ಮ ನರ್ಸಿಂಗ್ ಸೂಪರಿಂಟೆಂಡೆಂಟರ ಮುಂದಿಟ್ಟರೂ ತಪ್ಪಿಲ್ಲ.